ಗೈರುಹಾಜರಿಯ ಲೆಕ್ಕ

ನೈಲಿನ ಪಡುವಣ ದಂಡೆ, ಬೋಳುಗುಡ್ಡದ ಬುಡದಲ್ಲಿ
ದೊರೆಗಳ ಗೋರಿ ಕೊರೆಯುವವರ ಊರು ನಮ್ಮದು.
ಕುಡಿಯುವ ನೀರೂ ಕತ್ತೆಯ ಬೆನ್ನೇರಿ ಬರಬೇಕು.
ನಾನು ಲಿಪಿಕಾರ ಮೆರಿಮಾತ್. ಯಾರು ಬಂದರು, ಯಾರು ಬರಲಿಲ್ಲ
ಎಂದು ಬರೆಯುವುದೇ ನನ್ನ ಹೊಟ್ಟೆಪಾಡು.

ಪಪೈರಸ್ ಹಾಳೆ ದೇವರಿಗೆ, ದೊರೆಗೆ.
ನಮ್ಮ ಲೆಕ್ಕಕ್ಕೆ ಸುಣ್ಣಕಲ್ಲಿನ ಚೂರು ಸಾಕು,
ಕೊರೆದಷ್ಟೂ ಉದುರುತ್ತವೆ.
ಬೇಸಗೆಯ ಮೂರನೇ ತಿಂಗಳು, ಏಳನೇ ದಿನ:

ಪೆನ್‌ದುಆ ಬಂದಿಲ್ಲ. ಚೇಳು ಕಡಿದಿದೆ.
ಅನುಯ್ ಬಂದಿಲ್ಲ. ಬಿಯರ್ ಹದಕ್ಕೆ ಬಂದಿದೆ, ಬಿಟ್ಟು ಬರುವಂತಿಲ್ಲವಂತೆ.
ಹೂಯ್ ಬಂದಿಲ್ಲ. ತಾಯಿಯ ಹೆಣಕ್ಕೆ ಬಟ್ಟೆ ಸುತ್ತುತ್ತಿದ್ದಾನೆ.
ಸೆಬಾ ಬಂದಿಲ್ಲ. ಹೆಂಡತಿ ಮುಟ್ಟು.

ಸೆಬಾನ ಹೆಂಡತಿ ತಿಂಗಳಿಗೆ ಮೂರು ಸಲ ಮುಟ್ಟಾಗುತ್ತಾಳೆ.
ನಾನು ಬರೆಯುತ್ತೇನೆ. ನನಗೇನು?

ಅರಮನೆಯ ಕ್ಷೌರಿಕ ನನ್ನ ಷಡ್ಡಕ.
ಎರಡು ಮಡಕೆ ಇಳಿದ ಮೇಲೆ ಪಿಸುಗುಟ್ಟುತ್ತಾನೆ:
ದೊರೆಯ ಗಡ್ಡ ಗಡ್ಡವಲ್ಲ, ಗಲ್ಲಕ್ಕೆ ದಾರದಿಂದ ಬಿಗಿದದ್ದು.
ಬೆವರಿಗೆ ತುರಿಸುತ್ತದೆ,
ದೇವರೆದುರು ನಿಂತಾಗ ಕೆರೆದುಕೊಳ್ಳುವಂತಿಲ್ಲ.
ಹಿಂದೊಮ್ಮೆ ಹೆಂಗಸೊಬ್ಬಳು ಅದೇ ಗಡ್ಡ ಕಟ್ಟಿಕೊಂಡು
ಎರಡು ನಾಡು ಆಳಿದಳಂತೆ.
ಆಮೇಲೆ ನಮ್ಮಂಥವರೇ, ಕೂಲಿಗೆ, ಉಳಿ ಹಿಡಿದು
ಗೋಡೆಗಳಿಂದ ಅವಳ ಹೆಸರು ಕೆತ್ತಿ ತೆಗೆದರು.
ಆ ದಿನದ ಹಾಜರಿ ಯಾರು ಬರೆದರೋ.

ದೊರೆಗೂ ಹಲ್ಲುನೋವು, ಎಂದ ಷಡ್ಡಕ.
ನನ್ನ ದವಡೆಯೂ ಬೀಸುಕಲ್ಲಿನಂತೆ ಸವೆದಿದೆ.
ರೊಟ್ಟಿಯೊಳಗಿನ ಮರಳಿಗೆ ಯಾರ ಮುಲಾಜೂ ಇಲ್ಲ.

ದೊರೆ ಬದುಕಿದಷ್ಟು ದಿನ ನಾವು ಅವನ ಸಾವನ್ನು ಕೊರೆಯುತ್ತೇವೆ.
ಅವನು ನೂರ್ಕಾಲ ಬಾಳಲಿ ಎಂದು ಬೆಳಗೂ ಬೈಗೂ ಹಾರೈಸುತ್ತೇವೆ.
ಆ ಹಾರೈಕೆಯ ತಳದಲ್ಲಿ ನಮ್ಮ ಗೋಧಿಯಿದೆ, ಜವೆಯಿದೆ,
ತಿಂಗಳು ತಿಂಗಳು ಅಳೆದು ಕೊಡುವ ಮೂಟೆಯಿದೆ.

ಒಂದು ತಿಂಗಳು ಮೂಟೆ ಬರಲಿಲ್ಲ.
ಹತ್ತು ದಿನ. ಹದಿನೆಂಟು ದಿನ.
ಪೆನ್‌ದುಆನ ಹೆಂಡತಿ ತಸಾಕ್ ಬೀದಿಗೇ ಕೇಳುವಂತೆ ಹೇಳಿದಳು:
"ಮನೆಯಲ್ಲಿ ಮೂರನೇ ಒಂದು ಪಾಲು ನನ್ನದು, ಬರೆದದ್ದಿದೆ.
ಅದನ್ನು ಹೊತ್ತು ನನ್ನ ಅಪ್ಪನ ಮನೆಗೆ ಹೋಗಲೋ,
ನೀನೇ ಎದ್ದು ಎಲ್ಲಿಗಾದರೂ ಹೋಗುತ್ತೀಯೋ?"
ಅವನು ಎದ್ದ. ಅವನ ಹಿಂದೆ ಎಲ್ಲರೂ ಎದ್ದರು.
ಉಳಿ ಕೆಳಗಿಟ್ಟರು, ಕಾವಲು ಗೋಡೆಗಳನ್ನು ದಾಟಿದರು,
ಗುಡಿಯ ಹಿಂದೆ ಹೋಗಿ ಸುಮ್ಮನೆ ಕೂತರು.
ಹಸಿವು, ಎಂದರು. ಅಷ್ಟೇ.

ಕಲ್ಲಚೂರು ಹಿಡಿದು ನಾನೊಬ್ಬನೇ ನಿಂತೆ.
ನಲವತ್ತು ಹೆಸರಿಗೆ ಜಾಗ ಸಾಲದು. ಹೀಗೆ ಬರೆದೆ:
ಯಾರೂ ಬಂದಿಲ್ಲ. ಕಾರಣ, ಗೋಧಿ ಬಂದಿಲ್ಲ.
ಆಮೇಲೆ ಶಾಯಿಬಟ್ಟಲು ಮುಚ್ಚಿ ನಾನೂ ಹೋಗಿ ಕೂತೆ,
ಸೆಬಾನ ಪಕ್ಕದಲ್ಲಿ.

ಗೋಧಿ ಬಂತು. ಸ್ವಲ್ಪ ಕಡಿಮೆಯೇ ಬಂತು.

ಮತ್ತೆ ಚಳಿಗಾಲದ ಒಂದು ನಸುಕು, ಕಾವಲಿನವನು ಓಡೋಡಿ ಬಂದ:
"ಗಿಡುಗ ಮುಗಿಲಿಗೆ ಹಾರಿತು!"
ಅಂದರೆ ದೊರೆ ಸತ್ತ. ಹಾಗೆ ನೇರ ಅನ್ನುವಂತಿಲ್ಲ.
ಹುಡುಗರು ಕುಣಿದರು. ಹೊಸ ದೊರೆ, ಹೊಸ ಗೋರಿ, ಹೊಸ ಕೂಲಿ.
ಹಿರಿಯರು ಗೋಡೆಯ ಕಡೆ ನೋಡಿದರು.
ಇರುವುದು ಎಪ್ಪತ್ತೇ ದಿನ,
ಒಳಕೋಣೆಯ ದೇವರಿಗೆಲ್ಲ ಇನ್ನೂ ಬರಿಯ ಕೆಂಪುಗೆರೆ,
ಒಬ್ಬನಿಗಂತೂ ಕಾಲೇ ಇಲ್ಲ.

ರಾತ್ರಿ ದೀಪದೆದುರು ಒಂದು ಚೂರು ತೆಗೆದುಕೊಂಡೆ.
ದೊರೆ ಬಂದಿಲ್ಲ, ಎಂದು ಬರೆದೆ.
ಕಾರಣ,
ಎಂದು ಬರೆದು ನಿಂತೆ.
ಚೇಳಲ್ಲ, ಬಿಯರ್ ಅಲ್ಲ. ಹಲ್ಲುನೋವೋ ಏನೋ.
ಲೇಖನಿಯ ತುದಿಯಲ್ಲಿ ಶಾಯಿ ಒಣಗಿತು.

ಬೆಳಿಗ್ಗೆ ನೋಡಿದರೆ ಮಗಳು ಅದನ್ನೇ ತಿರುಗಿಸಿಕೊಂಡು
ಹಿಂಬದಿಗೆ ಚಿತ್ರ ಬಿಡಿಸಿದ್ದಾಳೆ:
ಪೀಠದ ಮೇಲೆ ಇಲಿ ಕೂತಿದೆ,
ಬೆಕ್ಕು ನಿಂತು ಗಾಳಿ ಬೀಸುತ್ತಿದೆ.
ಇಲಿಯ ಗಲ್ಲಕ್ಕೆ ದಾರ ಕಟ್ಟುವುದನ್ನೂ ಮರೆತಿಲ್ಲ.

"ಇದನ್ನು ಯಾರು ಹೇಳಿಕೊಟ್ಟರೇ?" ಅಂದೆ.
"ಚಿಕ್ಕಪ್ಪ," ಅಂದಳು.
ಅಳಿಸಲು ನೀರು ಬೇಕು,
ಕತ್ತೆ ಇನ್ನೂ ಬಂದಿರಲಿಲ್ಲ.