ಮಂಗಳವಾರದ ಲೈನು

ಮಂಗಳವಾರ ನನ್ನದು ಪೆರ್ಲದ ಲೈನು.
ಕುಂಬಳೆ ಬಿಟ್ಟರೆ ಸೀತಾಂಗೋಳಿ, ನೀರ್ಚಾಲು, ಬದಿಯಡ್ಕ.
ವ್ಯಾನಿನಲ್ಲಿ ಬಿಸ್ಕತ್ತು, ಬಣ್ಣದ ನೀರು, ಸಿಗರೇಟು;
ಒಂದರ ವಾಸನೆ ಇನ್ನೊಂದಕ್ಕೆ ಹತ್ತದಂತೆ
ನಡುವೆ ಒಂದು ಹಳೆಯ ಫ್ಲೆಕ್ಸು.
ಸೋತ ಅಭ್ಯರ್ಥಿ ಅದರಲ್ಲಿ ಇನ್ನೂ ಕೈಮುಗಿದೇ ಇದ್ದಾನೆ.

ಬಿಸ್ಕತ್ತಿಗೆ ಏಳು ದಿನದ ಕಡ.
ಬಾಟಲಿಗೆ ಬೇಸಗೆಯಲ್ಲಿ ಹದಿನಾಲ್ಕು,
ಮಳೆ ಹಿಡಿದ ಮೇಲೆ ಇಪ್ಪತ್ತೊಂದು:
ಯಾರಿಗೂ ಬೇಡವಾದಾಗ ಕಂಪೆನಿಯ ಮನಸ್ಸು ಮೆತ್ತಗೆ.
ಸಿಗರೇಟಿಗೆ ಮಾತ್ರ ಮೊದಲು ಹಣ, ಆಮೇಲೆ ಪ್ಯಾಕು.
ಹೊಗೆಯಾಗಿ ಹೋಗುವ ಮಾಲಿಗೇ
ಗಟ್ಟಿ ನಗದು.

ಬೆಳಿಗ್ಗೆ ಧನಿ ಉಪೇಂದ್ರ ಕಾಮತರು ಪೇಪರು ಓದಿ ಹೇಳಿದರು:
‘ತಿನ್ನುವ, ಕುಡಿಯುವ, ಸೇದುವ ಕಂಪೆನಿಗಳಿಗೆಲ್ಲ
ಸಾಲದ ಮುನ್ನೋಟ ಸ್ಥಿರವಂತೆ ಮಾರಾಯ.
ಎಂಥ ಕಾಲದಲ್ಲೂ ಜನ ಈ ಮೂರನ್ನು ಬಿಡುವುದಿಲ್ಲವಂತೆ.’
ಕನ್ನಡಕ ತೆಗೆದು ಒರೆಸಿದರು.
‘ಬ್ಯಾಂಕಿನವರು ನಮ್ಮ ಲಿಮಿಟ್ಟು ಇಳಿಸಿದ್ದಾರೆ.
ಇವತ್ತಿನಿಂದ ಯಾರಿಗೂ ಕಡ ಬೇಡ.’

ಸೀತಾಂಗೋಳಿಯ ಅಂದುಂಞಿ
ಮೂರು ಭಾಷೆಯಲ್ಲಿ ಬೈದು
ನಾಲ್ಕನೆಯದರಲ್ಲಿ ಹಣ ಕೊಟ್ಟ.
ನೀರ್ಚಾಲಿನ ಕೃಷ್ಣ ಮಣಿಯಾಣಿ, ಶಾಲೆಯಿಂದ ನೂರು ಗಜ ದೂರವಿರಬೇಕೆಂದು
ಗೂಡಂಗಡಿಯನ್ನೇ ಎತ್ತಿ ನೂರ ಒಂದನೆಯ ಗಜಕ್ಕೆ ಇಟ್ಟವ,
ಏನೂ ಹೇಳಲಿಲ್ಲ. ಖಾಲಿ ಬಾಟಲಿಗಳನ್ನು
ಒಂದೊಂದಾಗಿ, ನಿಧಾನಕ್ಕೆ, ನನ್ನೆದುರೇ ಎಣಿಸಿದ.

ಪೆರ್ಲಕ್ಕೆ ಮುಟ್ಟುವಾಗ ಒಂದು ಗಂಟೆ.
ಬೀಪಾತುಮ್ಮ ಎಂದಿನಂತೆ ಚಹಾ ಇಟ್ಟರು.
ಇಪ್ಪತ್ತೆರಡು ವರ್ಷ ಬೀಡಿ ಕಟ್ಟಿದ ಬೆರಳು,
ಈಗಲೂ ಸುಮ್ಮನೆ ಕೂತಾಗ
ಇಲ್ಲದ ಎಲೆಯನ್ನು ಸುರುಳುತ್ತದೆ.
ನಾನು ವಿಷಯ ಹೇಳಿದೆ. ಪೇಪರಿನದ್ದೂ ಹೇಳಿದೆ.

‘ಸ್ಥಿರ ಇರದೆ ಮತ್ತೇನು ಮೋನೆ?
ಏಳುನೂರು ಬೀಡಿಗಾಗುವ ಎಲೆ ಕೊಟ್ಟು ಸಾವಿರ ಕೇಳುತ್ತಿದ್ದರು.
ಕೊರತೆಯ ಎಲೆ ನಾನೇ ಕೊಂಡು ತರುತ್ತಿದ್ದೆ.
ಅಷ್ಟು ವರ್ಷ ಕಂಪೆನಿಗೆ ಕಡ ಕೊಟ್ಟದ್ದು ನಾನು.
ಹಿಂದೆ ಕೇಳಲಿಕ್ಕೆ ಆಫೀಸು ಎಲ್ಲಿ ಅಂತ
ಗೊತ್ತಿರಲಿಲ್ಲ, ಅಷ್ಟೆ.’

ಆಮೇಲೆ ಮಿಠಾಯಿ ಭರಣಿಯ ಹಿಂದಿನಿಂದ
ಮೊಮ್ಮಗಳ ಹಳೆಯ ಕಾಪಿ ಪುಸ್ತಕ ತೆಗೆದರು.
‘ನಿನ್ನದೂ ಇದೆ. ಚಹಾ ಹನ್ನೊಂದು. ಗೋಳಿಬಜೆ ಆರು ಪ್ಲೇಟು.’
ಮದ್ರಸದಲ್ಲಿ ಕಲಿತ ಅಕ್ಷರ,
ಬಲದಿಂದ ಎಡಕ್ಕೆ ಸಾಗುವ ಸಾಲು.
ಅದರಲ್ಲಿ ನನ್ನ ಹೆಸರು ಯಾವುದು, ನನ್ನ ಸಾಲ ಯಾವುದು,
ಗುರುತು ಹತ್ತಲಿಲ್ಲ.
ಜೇಬಿಗೆ ಕೈ ಹಾಕಿದೆ.
‘ಇರಲಿ, ಬರುವ ಮಂಗಳವಾರ’ ಎಂದರು.

ಎರಡು ಪೆಟ್ಟಿಗೆ ಬಿಸ್ಕತ್ತು ಇಳಿಸಿದೆ.
ಬಿಲ್ಲಿನಲ್ಲಿ ನಗದು ಎಂದೇ ಬರೆದೆ.
ಉಕ್ಕಿನಡ್ಕದ ತಿರುವಿನಲ್ಲಿ ವ್ಯಾನು ನಿಲ್ಲಿಸಿ
ನನ್ನ ಜೇಬಿನಿಂದ ಧನಿಯ ಚೀಲಕ್ಕೆ
ಒಂಬೈನೂರ ಅರುವತ್ತು ರೂಪಾಯಿ ದಾಟಿಸುವಾಗ
ಫ್ಲೆಕ್ಸಿನವನು ನೋಡುತ್ತಿದ್ದ,
ಕೈ ಮುಗಿದುಕೊಂಡೇ.