ಎಡ ಮೂವತ್ತೈದು, ಬಲ ಮೂವತ್ತೆಂಟು

ವಾಲ್ಪರೈಸೊ ಅಂದರೆ ಮೆಟ್ಟಿಲೇ ಮೆಟ್ಟಿಲು.
ಮೆಟ್ಟು ಸವೆಸುವುದಕ್ಕೆಂದೇ ಯಾರೋ ಕಟ್ಟಿಸಿದ ಹಾಗಿದೆ ಊರು:
ಮೀನು ತರಲು ಇಳಿ, ಮೀನು ಹೊತ್ತು ಹತ್ತು,
ಉಪ್ಪು ಮರೆತೆಯಾ, ಮತ್ತೆ ಇಳಿ.

ಇಂಥ ಊರಲ್ಲಿ ಒತೀಲಿಯಾ ಬಾರಿಯೆಂತೋಸಳ
ಎಡಗಾಲು ಮೂವತ್ತೈದು, ಬಲಗಾಲು ಮೂವತ್ತೆಂಟು.
ನಾಲ್ಕನೇ ವಯಸ್ಸಿನಲ್ಲಿ ಒಂಬತ್ತು ದಿನ ಜ್ವರ ಬಂತು,
ಹೋಗುವಾಗ ಒಂದು ಕಾಲಿನ ಬೆಳವಣಿಗೆಯನ್ನು
ಜೊತೆಗೆ ಕರೆದುಕೊಂಡು ಹೋಯಿತು.

ಅವ್ವ ಇರುವ ತನಕ ತುದಿಗೆ ಹಳೇ ಪೇಪರು ತುರುಕುತ್ತಿದ್ದಳು.
ಚುನಾವಣೆ, ಹಡಗಿನ ವೇಳೆ, ಸತ್ತವರ ಹೆಸರು,
ಎಲ್ಲಕ್ಕೂ ಹೆಬ್ಬೆರಳು ತಾಗಿಸಿಕೊಂಡೇ
ಶಾಲೆಗೆ ನಡೆದಳು ಹುಡುಗಿ.

ಗುಡ್ಡ ಹತ್ತುವ ಕೇಬಲ್ ಗಾಡಿಯ ಕಿಂಡಿಯಲ್ಲಿ ಕೂತು
ಟಿಕೆಟ್ ಹರಿಯುವ ಕೆಲಸ ಸಿಕ್ಕ ಮೇಲೆ
ಸ್ವಂತ ದುಡ್ಡಿನಲ್ಲಿ ಕೊಂಡಳು.
ಒಬ್ಬಳಿಗೆ, ಒಂದೇ ಥರದ್ದು, ಎರಡು ಜೋಡು.
ಅಂಗಡಿಯವರು ನಗುತ್ತಿರಲಿಲ್ಲ, ಅದೇ ಕಷ್ಟ;
ಬಿಲ್ಲು ಬರೆಯುವಾಗ ತಲೆ ಎತ್ತುತ್ತಿರಲಿಲ್ಲ.

ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರಲ್ಲ,
ಅವಳ ಹಾಸಿಗೆಯ ಕೆಳಗೆ ಕಾಲು ಚಾಚಿ ಮಲಗಿದ್ದವು
ಉಳಿದುಹೋದ ಒಂಟಿಗಳು:
ಎಡ ಮೂವತ್ತೆಂಟು, ಬಲ ಮೂವತ್ತೈದು,
ಮದುವೆಯದೂ ಸೇರಿ ಹತ್ತೊಂಬತ್ತು ಡಬ್ಬ.
ಬಿಸಾಡಲು ಮನಸ್ಸಿಲ್ಲ. ಸಂಬಳ ಅದು.

ಕಳೆದ ಜೂನಿನ ಚಳಿಯಲ್ಲಿ
ಅಂಗಡಿಯ ಹೊಸ ಹುಡುಗ, ಬಾಯಿ ಸುಮ್ಮನಿರದವನು,
ಅಳತೆಪಟ್ಟಿ ಮಡಿಸುತ್ತ ಅಂದ:
"ಗುರುವಾರ ಒಬ್ಬರು ಬಂದಿದ್ದರಮ್ಮ, ಆಚೆ ಗುಡ್ಡದವರು.
ಅವರದೂ ನಿಮ್ಮದೇ ಕಥೆ. ಆದರೆ ತಿರುಗಾಮುರುಗಾ."

ಆಗ ಒಂದೇ ಕಾಲಿಗೆ ಜೋಡು ಹಾಕಿದ್ದಳು.
ಹಾಗೇ ಎದ್ದು ನಿಂತಳು.

ನೆಲಿದಾ ಓಯಾರ್ಸುನ್, ಹೆರಿಗೆ ಮಾಡಿಸುತ್ತಿದ್ದವಳು.
ಬಂದವಳು ಕೆನ್ನೆಗೆ ಕೆನ್ನೆ ತಾಗಿಸುವ ಮೊದಲೇ ಕಾಲು ನೋಡಿದಳು.
ಚಹಾ ಆರಿತು. ಬ್ರೆಡ್ಡಿಗೆ ಸವರಿದ ಬೆಣ್ಣೆಹಣ್ಣು
ಹಾಗೇ ಕಪ್ಪಿಟ್ಟಿತು. ಡಬ್ಬ ತೆಗೆದರು.

ಜೋಡು ಹಾಕದೆ ಇಟ್ಟರೆ ಸವೆಯುವುದಿಲ್ಲ, ನಿಜ.
ಪುಡಿಯಾಗುತ್ತದೆ.
ಒತೀಲಿಯಾಗೆ ಅದು ಗೊತ್ತಿರಲಿಲ್ಲ.
ಮುಟ್ಟಿದರೆ ಅಟ್ಟೆ ಹಳೇ ರೊಟ್ಟಿಯಂತೆ ಉದುರಿತು.
ಮದುವೆಯ ಬಿಳಿ ಜೋಡು ಮಾತ್ರ ಗಟ್ಟಿ,
ಅಳತೆ ತೆಗೆದು ಹೊಲಿದ ಹಾಗೆ ಹಿಡಿಯಿತು.
ನೆಲಿದಾ ಕಿಟಕಿಯ ಕಡೆ ನಡೆದಳು, ಐದು ಹೆಜ್ಜೆ.
ಆರನೆಯದಕ್ಕೆ ಅಟ್ಟೆ ನೆಲದಲ್ಲೇ ಉಳಿಯಿತು.
"ನನ್ನ ಗಂಡನೂ ಅಷ್ಟೇ ದೂರ ನಡೆದದ್ದು" ಅಂದಳು ಒತೀಲಿಯಾ.
ಇಬ್ಬರೂ ಪಕ್ಕೆ ಹಿಡಿದುಕೊಂಡು ನಕ್ಕರು.

ಮುಂದಿನ ತಿಂಗಳು ಒಟ್ಟಿಗೆ ಹೋದರು,
ಎರಡು ಜೋಡು, ದುಡ್ಡು ಅರ್ಧರ್ಧ.
ಕಾಲು ಹೊಂದಿದ್ದಕ್ಕೆ ಕಣ್ಣೂ ಹೊಂದಬೇಕೆಂದೇನಿಲ್ಲ:
ಒಬ್ಬಳಿಗೆ ಕಂದು, ಲೇಸು; ಒಬ್ಬಳಿಗೆ ಕೆಂಪು, ಬಕಲು.
ಮುಕ್ಕಾಲು ಗಂಟೆ ಜಗಳ. ಕೊನೆಗೆ ಕೆಂಪೇ.
ಕೆಂಪು ಒತೀಲಿಯಾ ಜನ್ಮದಲ್ಲಿ ಹಾಕಿರಲಿಲ್ಲ.

ಆ ಹುಡುಗ, ಅಭ್ಯಾಸಬಲ,
ದೊಡ್ಡದಕ್ಕೆ ದೊಡ್ಡದು, ಚಿಕ್ಕದಕ್ಕೆ ಚಿಕ್ಕದು
ಸರಿಯಾಗಿ ಜೋಡಿಸಿ ಕಟ್ಟಿಕೊಟ್ಟಿದ್ದ.
ರಾತ್ರಿ ಡಬ್ಬ ಬಿಚ್ಚಿದರೆ ಎರಡೂ ಮೂವತ್ತೆಂಟು.
ಬಲದ್ದನ್ನು ಹಾಕಿಕೊಂಡಳು. ಎಡಗಾಲು ಬರಿದೇ ಬಿಟ್ಟು
ಮಂಚದ ಅಂಚಿಗೆ ಕೂತಳು.
ಆಚೆ ಗುಡ್ಡಕ್ಕೆ ಇನ್ನೂರ ಹನ್ನೆರಡು ಮೆಟ್ಟಿಲು,
ಬೆಳಗಾದ ಮೇಲೆ ನೋಡಿದರಾಯಿತು ಅನ್ನುವಷ್ಟರಲ್ಲಿ

ಹೊರಗೆ, ಕೆಳಗಿನ ತಿರುವಿನಲ್ಲಿ,
ಒಂದು ಹೆಜ್ಜೆ ಭಾರ, ಒಂದು ಹಗುರ:
ತನ್ನದೇ ನಡಿಗೆ, ಅದಲುಬದಲಾಗಿ,
ಏದುಸಿರು ಬಿಡುತ್ತ, ಹುಡುಗನನ್ನು ಬೈಯುತ್ತ,
ಹತ್ತಿ ಬರುತ್ತಿತ್ತು.