ಒಂದೇ ಗೆರೆ

ಉಲಾನ್‌ಬಾತರದ ನಾಲ್ಕನೇ ಮಹಡಿಯಲ್ಲಿ ಕೂತು
ರಾತ್ರಿ ಹನ್ನೊಂದಕ್ಕೆ ನಾನು ಜನರನ್ನು ಹುಟ್ಟಿಸುತ್ತೇನೆ.
ಹತ್ತು ಸಾವಿರ. ಹೆಸರಿಲ್ಲ, ಹಸಿವಿಲ್ಲ,
ಎಲ್ಲರಿಗೂ ಇರುವುದೊಂದೇ ಕೆಲಸ:
ಶಾಲೆಯ ಹಾಸ್ಟೆಲಿನಲ್ಲಿ ಮಗುವಿಗೊಂದು ಮಂಚ ಕೇಳುವುದು.

ಬಂದರು, ಕೇಳಿದರು, ಪಡೆದರು, ಹೋದರು,
ಎರಡೇ ಸೆಕೆಂಡು.
ಸರ್ವರ್ ಬೆವರಲೂ ಇಲ್ಲ.
ಗನ್‌ಜೊರಿಗ್ ಕುರ್ಚಿ ಹಿಂದಕ್ಕೆ ತಳ್ಳಿ
‘ಮುಗೀತು ಸೊಲೊಂಗೊ, ಮನೆಗೆ ಹೋಗು’ ಅಂದ.
ಅವನ ಉಪ್ಪು ಚಹಾದ ಮೇಲೆ ಕೆನೆ ಕಟ್ಟಿತ್ತು.

ಈ ಹತ್ತು ಸಾವಿರ ಎಲ್ಲಿಯವರು ಮಾರಾಯ?
ನನ್ನ ಮೇಜಿನಿಂದ ಮೂರು ಮಾರು ದೂರದವರು,
ಪಕ್ಕದ ಕೋಣೆಯಿಂದ ದಪ್ಪ ತಂತಿ ಹಿಡಿದು ಬಂದವರು.
ಗಾಳಿ ಕಂಡವರೇ ಅಲ್ಲ.

ಚಿಕ್ಕಮ್ಮ ಖೊರ್ಲೋ ಇರುವುದು ಗೋಬಿಯ ಅಂಚಿನಲ್ಲಿ.
ಡೇರೆಯ ಹಿಂದಿನ ಗುಡ್ಡ ಹತ್ತಿ,
ಕಲ್ಲುರಾಶಿಯ ಮೇಲೆ ಫೋನಿಟ್ಟು
ಮಂಡಿಯೂರಿದರೆ ಮೂಡುತ್ತದೆ, ಒಂದೇ ಗೆರೆ.
ಅವಳ ಬಾಯಿಗೂ ನನ್ನ ಕಿವಿಗೂ ನಡುವೆ
ಒಂದು ಒಂಟೆ ತಿರುಗಿ ನಿಲ್ಲುವಷ್ಟು ಜಾಗ.
ಇಬ್ಬರೂ ಒಟ್ಟಿಗೇ ಮಾತಾಡುತ್ತೇವೆ,
ಒಟ್ಟಿಗೇ ನಿಲ್ಲಿಸುತ್ತೇವೆ,
‘ನೀನು ಹೇಳು’ ಎಂಬುದನ್ನೂ ಒಟ್ಟಿಗೇ.

ಹಾಗಾಗಿ ಆ ಗುಡ್ಡವನ್ನು ಬರೆಯಲು ಕೂತೆ.
ತಡ: ಆರುನೂರು ಮಿಲಿಸೆಕೆಂಡು.
ಅಗಲ: ಅರವತ್ನಾಲ್ಕು ಕಿಲೋಬಿಟ್ಟು.
ನೂರಕ್ಕೆ ಮೂರು ಪೊಟ್ಟಣ ದಾರಿಯಲ್ಲೇ ಕಳೆಯಲಿ,
ಯಾಕೆಂದು ಯಾರೂ ಕೇಳದ ಹಾಗೆ.
ಏರಿಳಿತಕ್ಕೂ ಒಂದು ಕಲಂ ಇತ್ತು,
ಇನ್ನೂರು ಎಂದು ತುಂಬಿದೆ. ಅದು ಗಾಳಿ.
ಮಂಡಿಯೂರುವುದಕ್ಕೆ ಕಲಂ ಇರಲಿಲ್ಲ.

ಈ ಸಲ ಒಂಬೈನೂರು ಜನ, ಅಷ್ಟೇ.
ಆರುನೂರ ನಲವತ್ತಕ್ಕೆ ಸರ್ವರ್ ಕುಸಿದು ಕೂತಿತು.

ಜೋರಾಗಿ ಬಂದವರು ಜೋರಾಗಿ ಹೋಗಿಬಿಡುತ್ತಾರೆ.
ಮೆಲ್ಲಗೆ ಬಂದವರು ಬಾಗಿಲು ಬಿಡುವುದಿಲ್ಲ,
ನಾಲ್ಕು ನಿಮಿಷ ಹೊಸ್ತಿಲ ಮೇಲೇ ಕಾಲಿಟ್ಟು ನಿಂತಿರುತ್ತಾರೆ.
ಹೊಸ್ತಿಲು ತುಳಿಯಬೇಡ ಎಂದು
ತೊಡೆ ಚಿವುಟಿ ಕಲಿಸಿದವಳು ಚಿಕ್ಕಮ್ಮ;
ನಾವು ಕಟ್ಟಿದ ಮನೆಗೆ ಬಂದು
ಹೊಸ್ತಿಲಲ್ಲೇ ಸಿಕ್ಕಿಕೊಂಡವಳೂ ಅವಳೇ.

‘ಹತ್ತು ಸೆಕೆಂಡಿಗೆ ಕತ್ತರಿಸಿಬಿಡು’ ಅಂದ ಗನ್‌ಜೊರಿಗ್.
ಕತ್ತರಿಸಿದೆ. ಗ್ರಾಫು ಹುಲ್ಲುಗಾವಲಿನಂತೆ ಹಸಿರಾಯಿತು.
ಕತ್ತರಿಸಿದವರು ವರದಿಯ ಯಾವ ಸಾಲಿನಲ್ಲೂ ಇರಲಿಲ್ಲ.
ತಾಳಿದವರು ಬಾಳುತ್ತಾರೆ ಎನ್ನುತ್ತದೆ ಗಾದೆ;
ತಾಳಬೇಕಾದ್ದು ಯಾರು ಎಂದು ಹೇಳುವುದಿಲ್ಲ.

ಅವನೂ ಸುಮ್ಮನೆ ನೋಡುತ್ತಾ ಕೂತ.
ಆಮೇಲೆ ತಾನೇ ಎದ್ದು ಚಹಾ ಬಿಸಿ ಮಾಡಿ ತಂದ.

ಪುಟದ ನೆತ್ತಿಯಲ್ಲಿ ಓಡುವ ಕುದುರೆಗಳ ಚಿತ್ರವಿತ್ತು,
ಇಲಾಖೆಗೆ ಬಲು ಇಷ್ಟವಾದದ್ದು.
ಗುಡ್ಡದ ಮೇಲೆ ಆ ಕುದುರೆಗಳಿಗೆ
ಮೊದಲು ಕಿವಿ ಬರುತ್ತದೆ, ಆಮೇಲೆ ಕೇಸರ,
ಕಾಲು ಬರುವಷ್ಟರಲ್ಲಿ ನಾಲ್ಕು ನಿಮಿಷ.
ತೆಗೆದೆವು. ಇಲಾಖೆಗೆ ಬೆಳಿಗ್ಗೆ ಹೇಳಿದರಾಯಿತು.
ಉಳಿದದ್ದು ಹನ್ನೊಂದು ಕಿಲೋಬೈಟು:
ಹೆಸರು, ವಯಸ್ಸು, ಊರು, ಒಂದು ಗುಂಡಿ.
ಮುಂಬಾಗಿಲಲ್ಲಿ ಬೇರೊಬ್ಬನನ್ನು ಕೂರಿಸಿದೆವು,
ತೊದಲುವವರ ಮಾತು ಪೂರ್ತಿ ಕೇಳಿಸಿಕೊಂಡು
ಒಂದೇ ಉಸಿರಿಗೆ ಒಳಗೆ ಮುಟ್ಟಿಸುವವನು.
ಅವನಿಗೆ ಬೇರೆ ಕೆಲಸವಿಲ್ಲ, ಕೇಳುವುದಷ್ಟೇ.

ಮೂರೂವರೆಗೆ ಒಂಬೈನೂರು ಜನಕ್ಕೂ ಮಂಚ ಸಿಕ್ಕಿತು.
ಎರಡು ಸಾವಿರಕ್ಕೂ. ಅಲ್ಲಿಗೆ ನಿಲ್ಲಿಸಿದೆ,
ಕಣ್ಣು ಮುಚ್ಚಿಕೊಳ್ಳುತ್ತಿದ್ದವು.

ಅರ್ಜಿ ತೆರೆದ ದಿನ, ಎಂಟು ಗಂಟೆ ಎಂಟು ನಿಮಿಷ,
ಫೋನು. ಗಾಳಿಯ ಸದ್ದು. ‘ಆಯ್ತಾ?’
‘ಆಯ್ತು’ ಎಂದವಳೂ ನಾನಲ್ಲ, ‘ಆಯ್ತಾ’ ಎಂದವಳೂ ಅವಳಲ್ಲ,
ಎರಡೂ ಮಾತು ದಾರಿಯಲ್ಲಿ ಡಿಕ್ಕಿ ಹೊಡೆದಿದ್ದವು.
ಕಾದೆ. ಒಂಟೆ ತಿರುಗಿ ನಿಂತಿತು.
‘ತೆಮೂಲೆನ್‌ಗೆ ಮಂಚ ಸಿಕ್ತು ಕಣೇ’ ಎಂದಳು ಚಿಕ್ಕಮ್ಮ,
‘ಕಿಟಕಿ ಪಕ್ಕದ್ದೋ, ಬಾಗಿಲ ಪಕ್ಕದ್ದೋ?’

ಅದಕ್ಕೆ ನಾವು ಕಲಂ ಇಟ್ಟಿರಲಿಲ್ಲ.